ಅಳಿಸಿದ ಕೀ ಎಲ್ಲಿ ಅಡಗಿದೆ? ಗಿಟ್ ಇತಿಹಾಸದಲ್ಲಿ ಹುಡುಕುವ ಬಗೆ

[ತೆರೆ: ಟರ್ಮಿನಲ್. ಗಿಟ್ ಗ್ರೆಪ್ ಓಡುತ್ತದೆ, ಉತ್ತರ ಖಾಲಿ.]

ನಮಸ್ಕಾರ. ಗಿಟ್ ಅಂದರೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಟೂಲ್, ಅದರ ಒಂದೊಂದು ದಾಖಲೆಯೂ ಒಂದು ಕಮಿಟ್. ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಯಾರೋ ಎಪಿಐ ಕೀ (ಒಂದು ಸೇವೆಯನ್ನು ಬಳಸಲು ಬೇಕಾದ ಗುಟ್ಟಿನ ಅಕ್ಷರಗಳು) ಬರೆದು ಕಮಿಟ್ ಮಾಡಿದ್ದಾರೆ ಅಂದುಕೊಳ್ಳಿ. ತಪ್ಪು ಗೊತ್ತಾದ ಮೇಲೆ ಆ ಸಾಲು ಅಳಿಸಿ, ಇನ್ನೊಂದು ಕಮಿಟ್ ಮಾಡಿ ಸರ್ವರ್‌ಗೆ ಪುಶ್ ಮಾಡಿದರು. ಈಗ ಫೈಲ್‌ಗಳಲ್ಲಿ ಪದ ಹುಡುಕುವ ಗಿಟ್ ಗ್ರೆಪ್ ಹಾಕಿದರೆ ಏನೂ ಸಿಗಲ್ಲ. ಅದು ನೋಡುವುದು ಈಗಿರುವ ಫೈಲ್‌ಗಳನ್ನು ಮಾತ್ರ. ಆದರೆ ಆ ಹಳೆಯ ಕಮಿಟ್ ರೆಪೊದಲ್ಲೇ (ಪ್ರಾಜೆಕ್ಟ್‌ನ ಫೈಲ್‌ಗಳೂ ಇತಿಹಾಸವೂ ಇರುವ ಸಂಗ್ರಹ) ಇದೆ, ರೆಪೊ ಪೂರ್ತಿ ಕ್ಲೋನ್ (ನಕಲು) ಮಾಡಿಕೊಂಡ ಎಲ್ಲರ ಹತ್ತಿರವೂ ಇದೆ.

ಹುಡುಕುವ ಮೊದಲು ಗಿಟ್ ಫೆಚ್ ಮಾಡಿ ಸರ್ವರ್‌ನಲ್ಲಿರುವ ಹೊಸದನ್ನು ಇಳಿಸಿಕೊಳ್ಳಿ. ಆಮೇಲೆ ಗಿಟ್ ಲಾಗ್, ಎರಡು ಹೈಫನ್ ಇಟ್ಟು ಆಲ್, ಮತ್ತೆ ಎರಡು ಹೈಫನ್ ಇಟ್ಟು ಒನ್‌ಲೈನ್, ಕೊನೆಗೆ ಒಂದೇ ಹೈಫನ್, ಕ್ಯಾಪಿಟಲ್ ಎಸ್, ಜಾಗ ಬಿಡದೆ ಸಿಂಗಲ್ ಕೋಟ್‌ನೊಳಗೆ ಹುಡುಕುವ ಅಕ್ಷರಗಳು.

[ತೆರೆ: ಗಿಟ್ ಲಾಗ್ --ಆಲ್ --ಒನ್‌ಲೈನ್ -ಎಸ್'...'. ಕೆಳಗೆ ಎರಡು ಕಮಿಟ್‌ಗಳು.]

ಎಸ್ ಕ್ಯಾಪಿಟಲ್ ಆಗಿರಲೇಬೇಕು. ಸ್ಮಾಲ್ ಎಸ್ ಅಂದರೆ ಡಿಫ್ (ಯಾವ ಸಾಲು ಸೇರಿತು, ಯಾವುದು ಹೋಯಿತು ಅನ್ನುವ ಪಟ್ಟಿ) ತೋರಿಸಬೇಡ ಅಂತ ಬೇರೆಯೇ ಅರ್ಥ. ಇನ್ನೊಂದು ಎಚ್ಚರ: ಇಡೀ ಕೀ ಟೈಪ್ ಮಾಡಬೇಡಿ, ಅದು ನೀವು ಕೊಟ್ಟ ಕಮಾಂಡ್‌ಗಳನ್ನು ಉಳಿಸಿಡುವ ಶೆಲ್ ಹಿಸ್ಟರಿ ಫೈಲ್‌ನಲ್ಲಿ ಹೋಗಿ ಕೂರುತ್ತೆ. ನಡುವಿನ ಎಂಟು ಅಕ್ಷರ ಸಾಕು. ಮೊದಲ ಅಕ್ಷರಗಳನ್ನು ಕೊಟ್ಟು ಉಪಯೋಗವಿಲ್ಲ, ಎಷ್ಟೋ ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಆಕ್ಸೆಸ್ ಕೀಗಳು ಎಕೆಐಎ ಅಂತಲೇ ಶುರುವಾಗುತ್ತವೆ.

ಗಿಟ್‌ನವರು ಈ ಹುಡುಕಾಟಕ್ಕೆ ಇಟ್ಟ ಹೆಸರು ಪಿಕ್ಆಕ್ಸ್, ನಮ್ಮ ಮಾತಲ್ಲಿ ಪಿಕಾಸಿ. ಇದು ಅಗೆಯುವ ರೀತಿ ಗೊತ್ತಿಲ್ಲದಿದ್ದರೆ ಮೋಸ ಹೋಗ್ತೀವಿ. ಪ್ರತಿ ಕಮಿಟ್‌ನಲ್ಲೂ ಬದಲಾದ ಪ್ರತಿ ಫೈಲ್‌ನಲ್ಲಿ ಆ ಅಕ್ಷರಗಳು ಮೊದಲು ಎಷ್ಟು ಸಲ ಇದ್ದವು, ಆಮೇಲೆ ಎಷ್ಟು ಸಲ ಇವೆ ಅಂತ ಎಣಿಸುತ್ತೆ. 0 ಹೋಗಿ 1 ಆದರೆ ಕೀ ಬಂದ ಕಮಿಟ್. 1 ಹೋಗಿ 0 ಆದರೆ ಕೀ ಹೋದ ಕಮಿಟ್. ಎಣಿಕೆ ಬದಲಾಗದಿದ್ದರೆ ಆ ಕಮಿಟ್ ಪಟ್ಟಿಗೇ ಬರಲ್ಲ. ಅದೇ ಸಾಲನ್ನು ಫೈಲ್‌ನ ಮೇಲಿಂದ ಕೆಳಗೆ ಸರಿಸಿದ್ದರೂ, ಕೀ ಹಾಗೇ ಇಟ್ಟು ಪಕ್ಕದ ವೇರಿಯಬಲ್ ಹೆಸರು ಬದಲಿಸಿದ್ದರೂ ನಿಮಗೆ ಕಾಣಿಸಲ್ಲ.

ಅವೂ ಬೇಕಿದ್ದರೆ ಕ್ಯಾಪಿಟಲ್ ಎಸ್ ಜಾಗದಲ್ಲಿ ಕ್ಯಾಪಿಟಲ್ ಜಿ ಹಾಕಿ. ಇದು ಎಣಿಸಲ್ಲ. ಡಿಫ್‌ನಲ್ಲಿ ಸೇರಿದ ಅಥವಾ ತೆಗೆದ ಸಾಲುಗಳಲ್ಲಿ ಪದ ಇದ್ದರೆ ಸಾಕು, ಕಮಿಟ್ ತೋರಿಸುತ್ತೆ. ಪಟ್ಟಿ ಉದ್ದವಾಗುತ್ತೆ, ಸಮಯವೂ ಹೆಚ್ಚು ಹಿಡಿಯುತ್ತೆ. ಆದರೆ ಜಿ ಓದುವುದು ರೆಗೆಕ್ಸ್ (ಅಕ್ಷರಗಳ ಆಕಾರ ಹೇಳುವ ಮಾದರಿ), ಅದೇ ಇದರ ಬಲ. ಎಕೆಐಎ ಬರೆದು, ಚೌಕ ಬ್ರಾಕೆಟ್‌ನಲ್ಲಿ ಕ್ಯಾಪಿಟಲ್ ಎ-ಇಂದ ಝಡ್ ಮತ್ತು 0-ಇಂದ 9, ನಂತರ ಹೂ ಬ್ರಾಕೆಟ್‌ನಲ್ಲಿ 16 ಅಂತ ಕೊಡಿ. ಯಾವ ಕೀ ಅಂತ ಗೊತ್ತಿಲ್ಲದಿದ್ದರೂ ಆ ಆಕಾರದ್ದೆಲ್ಲ ಎದ್ದು ಬರುತ್ತೆ. ನನ್ನ ಸಲಹೆ: ಗೊತ್ತಿರುವ ಪದಕ್ಕೆ ಎಸ್, ಆಕಾರ ಮಾತ್ರ ಗೊತ್ತಿದ್ದರೆ ಜಿ.

[ತೆರೆ: ಅದೇ ಕಮಾಂಡ್, --ಆಲ್ ಇಲ್ಲದೆ. ಉತ್ತರ ಖಾಲಿ.]

ಈಗ ಮುಖ್ಯವಾದ ಭಾಗ. ಉತ್ತರ ಖಾಲಿ ಬಂತು ಅಂದ ಮಾತ್ರಕ್ಕೆ ಕೀ ಇಲ್ಲ ಅಂತಲ್ಲ. ಆಲ್ ಬಿಟ್ಟರೆ ನೀವು ನಿಂತ ಬ್ರಾಂಚ್‌ನ (ಕೆಲಸದ ಪ್ರತ್ಯೇಕ ಕವಲಿನ) ಇತಿಹಾಸ ಮಾತ್ರ ನೋಡುತ್ತೆ, ಮರ್ಜ್ ಆಗದ ಬ್ರಾಂಚ್‌ನಲ್ಲಿ ಕೀ ಇದ್ದರೆ ಸಿಗಲ್ಲ. ಬ್ರಾಂಚ್‌ಗಳನ್ನು ಒಂದಾಗಿಸುವ ಮರ್ಜ್ ಕಮಿಟ್‌ಗಳ ಡಿಫ್ ಅನ್ನು ಲಾಗ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಎರಡು ಕಡೆಯ ಬದಲಾವಣೆಗಳ ಕಾನ್ಫ್ಲಿಕ್ಟ್ ಬಿಡಿಸುವಾಗ ಯಾರಾದರೂ ಕೈಯಾರೆ ಸೇರಿಸಿದ್ದು ಹೀಗೆ ತಪ್ಪಿಸಿಕೊಳ್ಳುತ್ತೆ. ಹೈಫನ್, ಸ್ಮಾಲ್ ಎಂ ಸೇರಿಸಿದರೆ ಮರ್ಜ್ ಅನ್ನು ಅದರ ಪ್ರತಿ ಪೇರೆಂಟ್ (ಹಿಂದಿನ ಕಮಿಟ್) ಜೊತೆ ಹೋಲಿಸುತ್ತೆ. ಬಿಲ್ಡ್ ಸರ್ವರ್‌ನ ಕ್ಲೋನ್‌ಗಳು ಎಷ್ಟೋ ಸಲ ಡೆಪ್ತ್ 1 (ಕೊನೆಯ ಕಮಿಟ್ ಮಾತ್ರ) ಆಗಿರುತ್ತವೆ. ಅಲ್ಲಿ ಇತಿಹಾಸವೇ ಇರಲ್ಲ, ಗಿಟ್ ಫೆಚ್‌ಗೆ ಅನ್‌ಶ್ಯಾಲೋ ಕೊಟ್ಟು ಪೂರ್ತಿ ಇಳಿಸಿಕೊಂಡ ಮೇಲೇ ಹುಡುಕಬೇಕು.

ಹುಡುಕಾಟವನ್ನು ಒಂದೇ ಫೈಲ್‌ಗೆ ಸೀಮಿತ ಮಾಡಬೇಕಾ? ಕಮಾಂಡ್ ಕೊನೆಯಲ್ಲಿ ಬರೀ ಎರಡು ಹೈಫನ್, ಒಂದು ಸ್ಪೇಸ್, ಫೈಲ್‌ನ ಪಾತ್. ಫೈಲ್ ಡಿಲೀಟ್ ಆಗಿದ್ದಾಗ ಆ ಹೈಫನ್‌ಗಳನ್ನು ಬಿಟ್ಟರೆ, ಅದು ಬ್ರಾಂಚ್ ಹೆಸರೋ ಫೈಲ್ ಹೆಸರೋ ತಿಳಿಯದೆ ಗಿಟ್ ಎರರ್ ಕೊಡುತ್ತೆ. ಕಮಿಟ್ ಮೆಸೇಜ್‌ನಲ್ಲಿ ಹುಡುಕಲು ಗ್ರೆಪ್ ಆಪ್ಷನ್ ಇದೆ, ಆದರೆ ಎರಡು ಗ್ರೆಪ್ ಕೊಟ್ಟರೆ ಇದು ಅಥವಾ ಅದು ಅಂತ ಅರ್ಥ. ಎರಡೂ ಇರಲೇಬೇಕಿದ್ದರೆ ಆಲ್-ಮ್ಯಾಚ್ ಸೇರಿಸಿ.

ಪಟ್ಟಿಯಲ್ಲಿ ಹೊಸ ಕಮಿಟ್ ಮೇಲೆ, ಹಳೆಯದು ಕೆಳಗೆ. ಕೀ ಮೊದಲು ಬಂದದ್ದು ಕೊನೆಯ ಸಾಲಿನಲ್ಲಿ. ಅದೊಂದೇ ಸಾಕು ಅಂತ ರಿವರ್ಸ್ ಜೊತೆ ಹೈಫನ್ 1 ಕೊಡಬೇಡಿ. ಗಿಟ್ ಮೊದಲು ಒಂದನ್ನು ಆರಿಸಿ, ಆಮೇಲೆ ತಿರುಗಿಸುತ್ತೆ, ಹಾಗಾಗಿ ಸಿಗುವುದು ಹೊಸ ಕಮಿಟ್ಟೇ.

[ತೆರೆ: ಕೊನೆಯ ಸಾಲಿನ ಹ್ಯಾಶ್ ಹಳದಿ ಬಣ್ಣದಲ್ಲಿ.]

ಆ ಹ್ಯಾಶ್ (ಕಮಿಟ್‌ನ ಗುರುತು) ಕೊಟ್ಟು ಗಿಟ್ ಶೋ ಮಾಡಿದರೆ ಯಾರು, ಯಾವಾಗ, ಏನು ಸೇರಿಸಿದರು ಅಂತ ಕಾಣುತ್ತೆ. ಗಿಟ್ ಬ್ರಾಂಚ್, ಹೈಫನ್ ಎ, ಎರಡು ಹೈಫನ್ ಇಟ್ಟು ಕಂಟೇನ್ಸ್, ಅದೇ ಹ್ಯಾಶ್: ಯಾವ ಯಾವ ಬ್ರಾಂಚ್‌ಗೆ ಹರಡಿದೆ ಅಂತ ಗೊತ್ತಾಗುತ್ತೆ. ಕಮಿಟ್‌ಗೆ ಹೆಸರು ಅಂಟಿಸುವ ಗಿಟ್ ಟ್ಯಾಗ್‌ಗೂ ಕಂಟೇನ್ಸ್ ಕೊಟ್ಟು ನೋಡಿ, ಟ್ಯಾಗ್‌ಗಳನ್ನು ಜನ ಮರೆಯುವುದೇ ಹೆಚ್ಚು.

ಮುಂದಿನ ಕ್ರಮ ತಪ್ಪಬಾರದು. ಮೊದಲು ಕೀ ಕೊಟ್ಟವರ ಹತ್ತಿರ ಅದನ್ನು ರದ್ದು ಮಾಡಿಸಿ. ಪುಶ್ ಆದ ಕೀ ಈಗಾಗಲೇ ಹೊರಬಿದ್ದಿದೆ ಅಂತಲೇ ಲೆಕ್ಕ. ಆಮೇಲೆ ಬೇಕಿದ್ದರೆ ಗಿಟ್ ಫಿಲ್ಟರ್-ರೆಪೊ ಅನ್ನುವ ಟೂಲ್ ಬಳಸಿ ಇತಿಹಾಸ ತಿದ್ದಿ. ಅದನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಆ ಕಮಿಟ್‌ನಿಂದ ಈಚೆಗಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ, ಹಾಗಾಗಿ ತಂಡದವರೆಲ್ಲ ಹೊಸದಾಗಿ ಕ್ಲೋನ್ ಮಾಡಬೇಕು. ಒಬ್ಬರು ಹಳೆಯ ಕ್ಲೋನ್‌ನಿಂದ ಪುಶ್ ಮಾಡಿದರೂ ಕೀ ಮತ್ತೆ ಒಳಗೆ ಬರುತ್ತೆ. ಎಲ್ಲ ಮುಗಿದ ಮೇಲೆ ಬೇರೆ ಡೈರೆಕ್ಟರಿಯಲ್ಲಿ ಕ್ಲೋನ್ ಮಾಡಿ, ಆಲ್ ಸೇರಿಸಿದ ಅದೇ ಪಿಕಾಸಿಯನ್ನು ಇನ್ನೊಮ್ಮೆ ಹಾಕಿ ನೋಡಿ, ಹೈಫನ್ ಸ್ಮಾಲ್ ಎಂ ಜೊತೆಗೆ.