ಹಾರ್ಟ್ ಅಟ್ಯಾಕ್ ಆದಾಗ ಆಸ್ಪಿರಿನ್ ಅಗಿಯಲು ಯಾಕೆ ಹೇಳುತ್ತಾರೆ?

(ತೆರೆಯ ಮೇಲೆ: ಅಂಗೈಯಲ್ಲಿ ಒಂದು ಚಿಕ್ಕ ಬಿಳಿ ಮಾತ್ರೆ)

ನಮಸ್ಕಾರ. ಕೊಬ್ಬು ಅಂದ ಕೂಡಲೇ ನಮಗೆ ನೆನಪಾಗುವುದು ಕೊಲೆಸ್ಟ್ರಾಲ್, ಅಲ್ವಾ? ಇವತ್ತು ಅದನ್ನು ಪಕ್ಕಕ್ಕಿಡೋಣ. ಮಾಮೂಲಿ ಲ್ಯಾಬ್ ರಿಪೋರ್ಟಿನಲ್ಲಿ ಕಾಣಿಸದ ಎರಡು ಕೊಬ್ಬಿನ ಅಣುಗಳಿವೆ. ಥ್ರಾಂಬಾಕ್ಸೇನ್ ಮತ್ತು ಪ್ರೊಸ್ಟಾಸೈಕ್ಲಿನ್. ಥ್ರಾಂಬಾಕ್ಸೇನ್ ಬದುಕುವುದು ಬರೀ ಸೆಕೆಂಡುಗಳ ಲೆಕ್ಕದಲ್ಲಿ!

(ಅನಿಮೇಷನ್: ಹೃದಯದ ರಕ್ತನಾಳ)

ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೂಡಿದ ಜಿಡ್ಡು ಒಂದು ದಿನ ಬಿರಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳಿಗೆ ಅದೂ ಒಂದು ಗಾಯವೇ. ಬಂದು ಅಂಟಿಕೊಂಡು ಥ್ರಾಂಬಾಕ್ಸೇನ್ ಬಿಡುತ್ತವೆ. 'ಎಲ್ಲರೂ ಬನ್ರಪ್ಪಾ' ಅಂತ ಕೂಗಿದ ಹಾಗೆ. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಾಗ ರಕ್ತ ನಿಲ್ಲಿಸುವುದೂ ಇದೇ ಕೂಗು. ಹೃದಯದ ಸಣ್ಣ ನಾಳದಲ್ಲಿ ಮಾತ್ರ ಅದು ದಾರಿಯನ್ನೇ ಮುಚ್ಚಿಬಿಡುತ್ತದೆ.

ನಾಳದ ಒಳಪದರ ಸುಮ್ನೆ ಕೂರುವುದಿಲ್ಲ. ಪ್ರೊಸ್ಟಾಸೈಕ್ಲಿನ್ ಬಿಟ್ಟು 'ಸಾಕು, ಚದುರಿ' ಅನ್ನುತ್ತದೆ. ತಮಾಷೆ ನೋಡಿ, ಎರಡೂ ಹುಟ್ಟುವುದು ಅರಾಕಿಡೋನಿಕ್ ಆಮ್ಲ ಎಂಬ ಒಂದೇ ಕೊಬ್ಬಿನಿಂದ. ಎರಡಕ್ಕೂ ಬೇಕಾದದ್ದು ಕಾಕ್ಸ್ ಎಂಬ ಕಿಣ್ವ.

ಆಸ್ಪಿರಿನ್ ಕೆಡಿಸುವುದು ಆ ಕಿಣ್ವವನ್ನೇ. ಹಾಗಾದರೆ ಎರಡು ಕೂಗೂ ನಿಲ್ಲಬೇಕಲ್ಲ? ನನಗೆ ತುಂಬಾ ಇಷ್ಟವಾದ ಭಾಗ ಇದು. ನಾಳದ ಜೀವಕೋಶಕ್ಕೆ ನ್ಯೂಕ್ಲಿಯಸ್ ಇದೆ, ಹೊಸ ಕಿಣ್ವ ಮಾಡಿಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ಸೇ ಇಲ್ಲ. ಒಮ್ಮೆ ಬಾಯಿ ಕಟ್ಟಿತೆಂದರೆ ಸಾಯುವ ತನಕ, ಅಂದರೆ 7ರಿಂದ 10 ದಿನ, ಅದು ಮೂಕ. ದಿನಕ್ಕೆ 75 ಮಿಲಿಗ್ರಾಂ ಸಾಕಾಗುವುದು ಅದಕ್ಕೇ.

ಆಸ್ಪಿರಿನ್ನಿನ ಈ ಗುಟ್ಟನ್ನು 1971ರಲ್ಲಿ ಬಿಡಿಸಿದ್ದು ಬ್ರಿಟನ್ನಿನ ಜಾನ್ ವೇನ್. 1982ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. 1988ರ ಐಸಿಸ್-2 ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಶಂಕೆಯ 17,187 ರೋಗಿಗಳಿದ್ದರು. ಆಸ್ಪಿರಿನ್ ಪಡೆದವರಲ್ಲಿ ಹೃದಯ, ರಕ್ತನಾಳದ ಕಾರಣದ ಸಾವು ಐದು ವಾರಗಳಲ್ಲಿ ಶೇಕಡಾ 23ರಷ್ಟು ಕಡಿಮೆಯಾಯಿತು.

ತಕ್ಕಡಿ ಉಲ್ಟಾ ವಾಲಿದ್ದೂ ಇದೆ. ರೋಫೆಕಾಕ್ಸಿಬ್ ಎಂಬ ಕೀಲುನೋವಿನ ಮಾತ್ರೆ ಪ್ರೊಸ್ಟಾಸೈಕ್ಲಿನ್ನನ್ನು ತಗ್ಗಿಸಿತು, ಥ್ರಾಂಬಾಕ್ಸೇನ್ ಹಾಗೇ ಉಳಿಯಿತು. ಹಾರ್ಟ್ ಅಟ್ಯಾಕ್ ಜಾಸ್ತಿಯಾಗಿ 2004ರಲ್ಲಿ ಅದು ಮಾರುಕಟ್ಟೆಯಿಂದಲೇ ಹೋಯಿತು.

ಹಾಗಂತ ಆರೋಗ್ಯವಾಗಿರುವವರು ದಿನಾ ಆಸ್ಪಿರಿನ್ ನುಂಗಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

(ತೆರೆಯ ಮೇಲೆ: 108)

ಎದೆ ಹಿಂಡಿದಂತಾದರೆ ಮೊದಲು 108ಕ್ಕೆ ಫೋನ್ ಮಾಡಿ. ವೈದ್ಯರು ಆಸ್ಪಿರಿನ್ ತೆಗೆದುಕೊಳ್ಳಿ ಅಂದರೆ ಅಗಿಯಿರಿ. ಇಡೀ ಮಾತ್ರೆ ಕರಗಲು ಹೊತ್ತು ಬೇಕು. ಅಗಿದರೆ ಬೇಗ ರಕ್ತ ಸೇರುತ್ತದೆ. ಅಲ್ಲಿ ಪ್ಲೇಟ್‌ಲೆಟ್‌ಗಳು ಇನ್ನೂ ಕೂಗುತ್ತಲೇ ಇರುತ್ತವೆ.