ಐದನೇ ಸೆಟ್ಟು, ಆಮೇಲೆ ಮೈಕು

ಕೇಳುಗರಿಗೆಲ್ಲ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಒಂದು ಕಾಲಕ್ಕೆ ವಾಲಿಬಾಲ್ ಆಡುತ್ತಿದ್ದೆ. ಈಗ ಊರ ಪಂದ್ಯಾಟಕ್ಕೆ ಸುಣ್ಣದ ಗೆರೆ ಎಳೆಯುವುದೂ ನಾನೇ, ಮೈಕ್ ಹಿಡಿಯುವುದೂ ನಾನೇ. ಅದಕ್ಕೇ ಇರಬೇಕು, ಟೆನಿಸ್ ಆಡಿ ಆಮೇಲೆ ಮೈಕ್ ಹಿಡಿದ ವಿಜಯ್ ಅಮೃತರಾಜ್ ಅಂದರೆ ನನಗೆ ಪ್ರೀತಿ ಜಾಸ್ತಿ.

ಅವರು ಹುಟ್ಟಿದ್ದು 1953ರಲ್ಲಿ, ಮದ್ರಾಸಿನಲ್ಲಿ. ಚಿಕ್ಕಂದಿನಲ್ಲಿ ಶ್ವಾಸಕೋಶದ ಕಾಯಿಲೆ, ಆಗಾಗ ಆಸ್ಪತ್ರೆ. ಅಮ್ಮ ಮ್ಯಾಗಿ ತಾವೇ ತರಗತಿಯಲ್ಲಿ ಕೂತು ಪಾಠ ಬರೆದು ತಂದು ಮಗನಿಗೆ ಹೇಳಿಕೊಡುತ್ತಿದ್ದರಂತೆ. ಆ ಹುಡುಗ 19ನೇ ವಯಸ್ಸಿಗೆ, 1973ರಲ್ಲಿ, ವಿಂಬಲ್ಡನ್ ಕ್ವಾರ್ಟರ್ ಫೈನಲ್ ಮುಟ್ಟಿದ. ಯಾನ್ ಕೊಡೆಸ್ ಎದುರು ಐದನೇ ಸೆಟ್‌ನಲ್ಲಿ 5-7ಕ್ಕೆ ಸೋತ. ಆ ವರ್ಷದ ಕಪ್ ಕೊಡೆಸ್‌ಗೇ ಹೋಯಿತು. 1981ರಲ್ಲಿ ಮತ್ತೆ ಅದೇ ಘಟ್ಟ. ಜಿಮ್ಮಿ ಕಾನರ್ಸ್ ಎದುರು ಮೊದಲ ಎರಡು ಸೆಟ್ ಇವರದ್ದೇ. ಉಳಿದ ಮೂರೂ ಕೈಜಾರಿದವು.

ಆಮೇಲೆ ಟಿವಿಯಲ್ಲಿ ಅಲನ್ ವಿಲ್ಕಿನ್ಸ್ ಜೊತೆ ಅವರ ಕಾಮೆಂಟರಿ. ಹೊರಗೆ ಜಡಿಮಳೆ, ಒಳಗೆ ವಿಂಬಲ್ಡನ್. ನಮ್ಮ ಮನೆಯ ಎಷ್ಟೋ ಮಳೆಗಾಲ ಹಾಗೇ ಕಳೆದಿದೆ. ಆಟ ಬಿಗಿಯಾದಾಗ ಅವರು ಸುಮ್ಮನಾಗುತ್ತಿದ್ದರು. ಚೆಂಡಿನ ಸದ್ದು ಮಾತ್ರ ಕೇಳುತ್ತಿತ್ತು. ಹೊಡೆತ ತಪ್ಪಿದವನನ್ನು ಅವರು ಹೀಯಾಳಿಸಿದ್ದು ನನಗೆ ನೆನಪಿಲ್ಲ. ಆ ನೋವು ಅವರಿಗೆ ಗೊತ್ತಿತ್ತು, ಅಲ್ವಾ?

ಪಂದ್ಯಾಟ ನಡೆಸುವ ಕೆಲಸ ಇನ್ನೂ ಕಷ್ಟದ್ದು. ನಮ್ಮಲ್ಲಿ ಎರಡು ವರ್ಷ ಪಂದ್ಯಾಟ ನಿಂತಿತ್ತು. ಬಲೆಯ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಬಿತ್ತು. ಹುಡುಗರು ಆ ಕಡೆ ತಲೆ ಹಾಕಲಿಲ್ಲ. ಚೆನ್ನೈನ ದೊಡ್ಡ ಟೂರ್ನಿಯೂ 2017ರ ನಂತರ ಪುಣೆಗೆ ಹೋಗಿತ್ತು. ತಮಿಳುನಾಡು ಟೆನಿಸ್ ಸಂಘದ ಅಧ್ಯಕ್ಷರಾದ ಮೇಲೆ ಅಮೃತರಾಜ್ 2022ರಲ್ಲಿ ಮಹಿಳೆಯರ ಚೆನ್ನೈ ಓಪನ್ ತಂದರು. 17 ವರ್ಷದ ಲಿಂಡಾ ಫ್ರುಹ್ವಿರ್ಟೋವಾ ಗೆದ್ದಳು. ನುಂಗಂಬಾಕ್ಕಂನ ಅಂಗಳದಲ್ಲಿ ಮತ್ತೆ ದೀಪ ಹತ್ತಿತು. 2024ರಲ್ಲಿ ಲಿಯಾಂಡರ್ ಪೇಸ್ ಜೊತೆ ಅವರಿಗೆ ಅಂತಾರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಅದೇ ಪೇಸ್ ಹುಡುಗನಾಗಿದ್ದಾಗ ಕಲಿತದ್ದು ಮದ್ರಾಸಿನಲ್ಲಿ, ಅಮೃತರಾಜ್ ಶುರು ಮಾಡಿದ ತರಬೇತಿ ಶಾಲೆಯಲ್ಲಿ.

ಕಳೆದ ಸಲ ನಮ್ಮ ಪಂದ್ಯಾಟದಲ್ಲಿ ಸ್ಕೋರ್ 24-24. ಒಬ್ಬ ಹುಡುಗನ ಸರ್ವ್ ಬಲೆಗೆ ಬಡಿಯಿತು. ನನ್ನ ಬಾಯಿ ತುದಿಗೆ ಮಾತು ಬಂದಿತ್ತು. ಮೈಕ್ ಕೆಳಗಿಳಿಸಿದೆ. ಅವನ ಜೊತೆಗಾರ ಚೆಂಡು ಹೆಕ್ಕಿ ಬಲೆಯಡಿಯಿಂದ ಆಚೆಗೆ ಉರುಳಿಸಿದ. ಹುಡುಗ ಮೊಣಕಾಲಿನ ಮಣ್ಣು ಒರೆಸಿಕೊಂಡು ತನ್ನ ಜಾಗಕ್ಕೆ ಬಂದು ನಿಂತ. ಆಮೇಲೆ ಮೈಕ್ ಎತ್ತಿ ಸ್ಕೋರ್ ಮಾತ್ರ ಹೇಳಿದೆ.

ನಮಸ್ಕಾರ.