ಕಾಣೆಯಾದವರ ಗುರುತು: ನಮ್ಮ ಮಳೆ, ಮಣ್ಣು, ಕಡಲು

ಕೇಳುಗರಿಗೆ ನಮಸ್ಕಾರ.

ಮನೆಯವರೊಬ್ಬರು ಕಾಣೆಯಾಗಿರುತ್ತಾರೆ. ಕೆಲವು ದಿನ ಕಳೆದು ಪೊಲೀಸರಿಂದ ಫೋನ್ ಬರುತ್ತದೆ. ಒಂದು ದೇಹ ಸಿಕ್ಕಿದೆ, ಬಂದು ನೋಡಿ ಅನ್ನುತ್ತಾರೆ. ಮುಖ ನೋಡಿದರೆ ಗೊತ್ತಾಗದೆ ಇರುತ್ತದಾ ಅಂತ ನಾವು ಹೊರಡುತ್ತೇವೆ. ಆದರೆ ಕಾಸರಗೋಡಿನ ಹವೆಯಲ್ಲಿ ಈ ನಂಬಿಕೆ ಎಷ್ಟೋ ಸಲ ಕೈಕೊಡುತ್ತದೆ. ಹೆತ್ತವರಿಗೂ ಗುರುತು ತಪ್ಪಬಹುದು. ಅದಕ್ಕೆ ಅವರನ್ನು ದೂರಬಾರದು. ಸೆಕೆ, ಮಳೆ, ಉಪ್ಪುನೀರು ಸೇರಿ ಮನುಷ್ಯನ ರೂಪವನ್ನೇ ಬದಲಾಯಿಸಿರುತ್ತವೆ. ಆ ಬಗ್ಗೆ ಇವತ್ತು ಸ್ವಲ್ಪ ಮಾತಾಡೋಣ. ವಿಷಯ ಭಾರದ್ದು, ಗೊತ್ತು. ಆದರೆ ಬಾಗಿಲಿನ ಕಡೆ ನೋಡುತ್ತಾ ಕೂತ ಮನೆಗಳಿಗೆ ಇದು ಬೇಕಾದ ಮಾತು.

ಹತ್ತೊಂಬತ್ತನೇ ಶತಮಾನದಲ್ಲಿ ಬರ್ಲಿನ್‌ನಲ್ಲಿ ಕ್ಯಾಸ್ಪರ್ ಅನ್ನುವ ವೈದ್ಯರಿದ್ದರು. ಅವರು ಹೇಳಿದ ಒಂದು ಲೆಕ್ಕವನ್ನು ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಓದುತ್ತಾರೆ. ಬಯಲಿನಲ್ಲಿ ಒಂದು ವಾರದಲ್ಲಿ ದೇಹಕ್ಕೆ ಆಗುವ ಬದಲಾವಣೆಗೆ ನೀರಿನಲ್ಲಿ ಎರಡು ವಾರ ಬೇಕು, ಮಣ್ಣಿನಡಿ ಎಂಟು ವಾರ ಬೇಕು. ಆದರೆ ಅದು ಚಳಿ ದೇಶದ ಲೆಕ್ಕ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎರಡು ಮೂರು ದಿನಕ್ಕೇ ಮುಖ ಊದಿಕೊಳ್ಳುತ್ತದೆ, ಬಣ್ಣ ಕಪ್ಪಾಗುತ್ತದೆ. ಬಿಳಿ ಮೈಬಣ್ಣದವರಾ, ಎಣ್ಣೆಗಪ್ಪಿನವರಾ ಅಂತ ಹೇಳುವುದಕ್ಕೂ ಆಗುವುದಿಲ್ಲ. ಸಪೂರ ಇದ್ದವರು ದಪ್ಪ ಕಾಣುತ್ತಾರೆ. "ಇದು ನಮ್ಮವರಲ್ಲ" ಅಂತ ಮನೆಯವರು ವಾಪಸು ಬಂದರೆ ಆಶ್ಚರ್ಯವೇನಿಲ್ಲ, ಅಲ್ವಾ?

ಇನ್ನು ನೀರು. ನಮ್ಮ ಜಿಲ್ಲೆಯಲ್ಲಿ ತೋಡು, ಹೊಳೆ, ಅಳಿವೆ, ಕಡಲು ಯಾವುದಕ್ಕೂ ಬರ ಇಲ್ಲ. ಮುಳುಗಿದ ದೇಹ ಮೊದಲು ತಳಕ್ಕೆ ಹೋಗುತ್ತದೆ, ಒಳಗೆ ಗಾಳಿ ತುಂಬಿದ ಮೇಲೆ ಏಳುತ್ತದೆ. ಬೇಸಗೆಯಲ್ಲಿ ಸುಮಾರು ಒಂದು ದಿನ ಸಾಕು, ಚಳಿಗಾಲದಲ್ಲಿ ಎರಡು ಮೂರು ದಿನ ಹಿಡಿಯಬಹುದು. ಮಳೆಗಾಲದ ಕೆಂಪು ನೀರಿನಲ್ಲಿ ಅಷ್ಟರೊಳಗೆ ಅದು ಎಷ್ಟು ದೂರ ಹೋಗಿರುತ್ತದೋ ಹೇಳಲಾಗದು. ಬಂಡೆಗೆ, ಕಾಲುಸಂಕದ ಕಂಬಕ್ಕೆ ತಾಗಿ ಬಟ್ಟೆ ಹರಿದುಹೋಗುತ್ತದೆ. ಮೀನು, ಏಡಿ ಮೊದಲು ಮುಟ್ಟುವುದು ತುಟಿ, ಕಣ್ಣು, ಕಿವಿಯನ್ನು. ನಾವು ಗುರುತು ಹುಡುಕುವುದೂ ಅಲ್ಲೇ.

ಹಾಗಂತ ನೀರು ಎಲ್ಲವನ್ನೂ ಕೊಂಡುಹೋಗುವುದಿಲ್ಲ. ಕೈ ನೋಡಿ. ಬಹಳ ಹೊತ್ತು ನೀರಿನಲ್ಲಿದ್ದ ಕೈಯ ಚರ್ಮ ಮೊದಲು ಬೆಳ್ಳಗೆ ಸುಕ್ಕುಗಟ್ಟುತ್ತದೆ. ಆಮೇಲೆ ಉಗುರಿನ ಸಮೇತ ಕೈಗವಸಿನ ಹಾಗೆ ಕಳಚಿ ಬರುತ್ತದೆ. ನೋಡುವವರಿಗೆ ಎಲ್ಲ ಮುಗಿದ ಹಾಗೆ ಕಾಣುತ್ತದೆ. ಆದರೆ ಬೆರಳಚ್ಚು ತಜ್ಞರು ಆ ಚರ್ಮವನ್ನು ಜೋಪಾನವಾಗಿ ತೊಳೆದು, ತಮ್ಮ ಗವಸು ತೊಟ್ಟ ಬೆರಳಿನ ಮೇಲೆ ಹಾಕಿಕೊಂಡು, ಶಾಯಿ ಹಚ್ಚಿ ಅಚ್ಚು ತೆಗೆಯುತ್ತಾರೆ. ಆ ಚರ್ಮ ಕಳೆದುಹೋಗಿದ್ದರೂ ಕೆಳಗಿನ ಪದರದಲ್ಲಿ ಅದೇ ಗೆರೆಗಳು ಮಸುಕಾಗಿ ಉಳಿದಿರುತ್ತವೆ. ಹಚ್ಚೆಯೂ ಹಾಗೆಯೇ. ಅದರ ಬಣ್ಣ ಇರುವುದು ಒಳಪದರದಲ್ಲಿ. ಮೇಲಿನದು ಕಳಚಿದ ಮೇಲೆ ಹಚ್ಚೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುವುದುಂಟು. ಈ ಕೆಲಸ ಮಾಡುವವರ ತಾಳ್ಮೆಗೆ ಕೈಮುಗಿಯಬೇಕು.

ಪಾಳು ಬಾವಿಯಂಥ ಕಡೆ, ಗಾಳಿ ಆಡದ ತೇವದಲ್ಲಿ, ಮೈಯ ಕೊಬ್ಬು ಗಟ್ಟಿಯಾದ ಬಿಳಿ ಪದರವಾಗಿ ಮಾರ್ಪಡುತ್ತದೆ. ಆಗ ಮುಖದ ಅಚ್ಚು ತಿಂಗಳುಗಟ್ಟಲೆ ಉಳಿಯಬಹುದು.

ಕಡಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ, ಚಳಿಗಾಲದಲ್ಲಿ ತಿರುಗಿ ಉತ್ತರಕ್ಕೆ. ಅಂದರೆ ಜುಲೈಯಲ್ಲಿ ನೇತ್ರಾವತಿಗೆ ಬಿದ್ದವರು ಉಪ್ಪಳ, ಕುಂಬಳೆಯ ಕಡೆ ಸಿಗಬಹುದು. ಡಿಸೆಂಬರಿನಲ್ಲಿ ಮಂಜೇಶ್ವರದಲ್ಲಿ ಕಾಣೆಯಾದವರು ಸೋಮೇಶ್ವರ, ಉಳ್ಳಾಲದ ಕಡೆ ಸಿಗಬಹುದು. ಪಯಸ್ವಿನಿಯೂ ಸುಳ್ಯದಿಂದ ಹರಿದು ಬಂದು ಇಲ್ಲಿ ಚಂದ್ರಗಿರಿ ಆಗುತ್ತಾಳೆ. ದೂರು ಕೇರಳದ ಠಾಣೆಯಲ್ಲಿ, ದೇಹ ಕರ್ನಾಟಕದ ಶವಾಗಾರದಲ್ಲಿ. ಒಂದು ಕಡೆ ಕಾಗದ ಮಲಯಾಳದಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ. ಮನೆಹೆಸರಿನ ಅಕ್ಷರ ಸ್ವಲ್ಪ ಆಚೀಚೆ ಆದರೂ ಸಾಕು, ಎರಡೂ ಕಡತ ಒಂದನ್ನೊಂದು ಕಾಣುವುದಿಲ್ಲ. ಅದಕ್ಕೇ ಹೇಳುತ್ತೇನೆ, ಕಾಣೆಯಾದವರ ಫೋಟೊ ಮತ್ತು ವಿವರ ಗಡಿಯ ಎರಡೂ ಕಡೆಯ ಠಾಣೆಗೆ ತಲುಪಿದೆಯೇ ಅಂತ ನೀವೇ ವಿಚಾರಿಸಿ. ಕೇರಳ ಪೊಲೀಸ್ ಕಾಯ್ದೆಯ 57ನೇ ಕಲಂ ಪ್ರಕಾರ ಕಾಣೆಯಾದವರನ್ನು ಹುಡುಕುವುದು ಪೊಲೀಸರ ಕರ್ತವ್ಯ. ಒಂದು ದಿನ ಕಾದು ಬನ್ನಿ ಅಂತ ಯಾರಾದರೂ ಅಂದರೆ ಸುಮ್ನೆ ವಾಪಸು ಬರಬೇಡಿ.

ಮಣ್ಣಿನ ಕತೆ ಬೇರೆ. ನಮ್ಮ ಗುಡ್ಡೆಯ ಮುರಕಲ್ಲು ಮಣ್ಣಿನಲ್ಲಿ ಹುಳಿ ಗುಣ ಜಾಸ್ತಿ. ಅಡಿಕೆ ಮರದ ಬುಡಕ್ಕೆ ಸುಣ್ಣ ಹಾಕುವುದು ಯಾಕೆ ಅಂತ ಕೃಷಿಕರಿಗೆ ಗೊತ್ತು. ಆ ಹುಳಿ, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆನೀರಿನ ಜೊತೆ ಸೇರಿ, ಎಲುಬಿನ ಸುಣ್ಣದ ಅಂಶವನ್ನೂ ನಿಧಾನಕ್ಕೆ ಕರಗಿಸುತ್ತದೆ. ಕಡಲ ಬದಿಯ ಚಿಪ್ಪು ಬೆರೆತ ಹೊಯ್ಗೆಯಲ್ಲಿ ಎಲುಬು ಹೆಚ್ಚು ಕಾಲ ನಿಲ್ಲುತ್ತದೆ. ಹತ್ತಿಬಟ್ಟೆ ಬೇಗ ಹೋಗುತ್ತದೆ, ಪಾಲಿಸ್ಟರ್ ಉಳಿಯುತ್ತದೆ. ಅಂಗಿಯ ಕಾಲರಿನ ಟೈಲರ್ ಲೇಬಲ್ ಉಳಿದರೆ ಅದೇ ದೊಡ್ಡ ಸುಳಿವು. ಬಯಲಿನಲ್ಲಿ ಬಿದ್ದ ಎಲುಬನ್ನು ನರಿ, ನಾಯಿ, ಕಾಡುಹಂದಿ ಎಳೆದು ಚೆಲ್ಲಾಪಿಲ್ಲಿ ಮಾಡುತ್ತವೆ.

ಡಿಎನ್‌ಎ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆದರೆ ಅದೂ ಹಾಳಾಗುತ್ತದೆ. ಬಿಸಿಲು, ತೇವ, ಹುಳಿಮಣ್ಣು, ಬ್ಯಾಕ್ಟೀರಿಯ ಎಲ್ಲ ಸೇರಿ ಅದನ್ನು ತುಂಡುತುಂಡು ಮಾಡುತ್ತವೆ. ಕೊನೆಯವರೆಗೂ ಉಳಿಯುವುದು ಹೆಚ್ಚಾಗಿ ದವಡೆ ಹಲ್ಲಿನಲ್ಲಿ, ತೊಡೆಯ ಎಲುಬಿನಲ್ಲಿ, ಒಳಕಿವಿಯ ಸುತ್ತಲಿನ ಗಟ್ಟಿ ಎಲುಬಿನಲ್ಲಿ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಒಂದು ಲಾರಿ ಕಾಣೆಯಾಯಿತು. ಗಂಗಾವಳಿ ಹೊಳೆಯೊಳಗಿಂದ ಆ ಲಾರಿಯನ್ನು ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಚಾಲಕನ ದೇಹದ ಅವಶೇಷ ಕ್ಯಾಬಿನ್ನಿನ ಒಳಗೇ ಇತ್ತು, ಡಿಎನ್‌ಎಯಿಂದ ಗುರುತು ಖಚಿತವಾಯಿತು. ಅದೇ ಜುಲೈ 30ರಂದು ವಯನಾಡಿನ ಗುಡ್ಡ ಕುಸಿತದಲ್ಲಿ ಆದದ್ದು ಇನ್ನೊಂದು ಬಗೆ. ಅಲ್ಲಿ ಕೊಚ್ಚಿಹೋದವರ ದೇಹದ ಭಾಗಗಳು ದೂರದ ನಿಲಂಬೂರಿನಲ್ಲಿ, ಚಾಲಿಯಾರ್ ಹೊಳೆಯಲ್ಲಿ ಸಿಕ್ಕವು. ಗುರುತು ಸಿಗದವರನ್ನು ವಯನಾಡಿನ ಪುತ್ತುಮಲದಲ್ಲಿ ಹೆಸರಿನ ಬದಲು ನಂಬರ್ ಹಾಕಿ ಮಣ್ಣುಮಾಡಬೇಕಾಯಿತು.

2010ರ ಮೇ 22ರ ಮಂಗಳೂರು ವಿಮಾನ ದುರಂತವನ್ನು ನಮ್ಮ ಜಿಲ್ಲೆ ಮರೆತಿಲ್ಲ. ಸತ್ತ 158 ಮಂದಿಯಲ್ಲಿ ನಮ್ಮವರು ಬಹಳ ಇದ್ದರು. ಬೆಂಕಿಯಲ್ಲಿ ಮುಖ ಉಳಿಯಲಿಲ್ಲ. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣುಮಾಡಿದರು.

ಗುರುತು ಅಂದರೆ ಹೋಲಿಕೆ. ದೇಹದ ಕಡೆಯ ಸುಳಿವನ್ನು ಮಳೆ, ಮಣ್ಣು ತಿಂದರೂ ಮನೆಯ ಕಡೆಯ ಸುಳಿವನ್ನು ನಾವು ಕಾಪಾಡಬಹುದು. ನನಗೆ ಮುಖ್ಯ ಅನ್ನಿಸುವುದು ಇದೇ. ಹಲ್ಲು ಕಾಣುವಂತೆ ನಕ್ಕ ಒಂದು ಫೋಟೊ ಹುಡುಕಿ ಕೊಡಿ. ಹಲ್ಲಿನ ಡಾಕ್ಟರು ತೆಗೆದ ಎಕ್ಸ್‌ರೇ, ತಲೆಯ ಸ್ಕ್ಯಾನ್, ಕಾಲಿಗೆ ರಾಡ್ ಹಾಕಿದ ಆಸ್ಪತ್ರೆಯ ಕಾಗದ, ಯಾವುದನ್ನೂ ಹಳೆಯದು ಅಂತ ಬಿಸಾಡಬೇಡಿ. ಹಣೆಯ ಎಲುಬಿನೊಳಗಿನ ಟೊಳ್ಳಿನ ಆಕಾರ ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಸೊಂಟದ ನೇವಳ, ಉಂಗುರ, ಎಲ್ಲಿ ಗಾಯದ ಕಲೆ ಇತ್ತು, ಎಲ್ಲವನ್ನೂ ಬರೆದಿಡಿ. ಅವರ ಹಲ್ಲುಜ್ಜುವ ಬ್ರಶ್, ಬಾಚಣಿಗೆ, ಶೇವಿಂಗ್ ಸೆಟ್ ತೊಳೆಯಬೇಡಿ. ಒಣಗಿದ ಮೇಲೆ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ.

ಆಧಾರ್ ಕಾರ್ಡಿನ ಬೆರಳಚ್ಚು ಇದೆಯಲ್ಲ ಅನ್ನುತ್ತಾರೆ. ಕಾನೂನಿನ ಪ್ರಕಾರ ಅದನ್ನು ಬೇರೆ ಕೆಲಸಕ್ಕೆ ಹಂಚುವ ಹಾಗಿಲ್ಲ. ಆದರೆ ಜಾಗದ ನೋಂದಣಿ ಮಾಡಿಸುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿದ ಹೆಬ್ಬೆಟ್ಟಿನ ಗುರುತು ಇರಬಹುದು. ಅದನ್ನು ಪೊಲೀಸರ ಗಮನಕ್ಕೆ ತನ್ನಿ.

ಕಾಣೆಯಾದವರಿಗೂ ಗುರುತಿಲ್ಲದ ದೇಹಗಳಿಗೂ ಡಿಎನ್‌ಎ ಪಟ್ಟಿ ಇರಬೇಕು ಅಂತ 2019ರಲ್ಲಿ ಒಂದು ಮಸೂದೆ ಲೋಕಸಭೆಗೆ ಬಂದಿತ್ತು. 2023ರಲ್ಲಿ ಅದನ್ನು ಹಿಂತೆಗೆದುಕೊಂಡರು. ಜನರ ಖಾಸಗಿತನವನ್ನು ಕಾಪಾಡುವ ಒಂದು ವ್ಯವಸ್ಥೆ ಈ ದೇಶಕ್ಕೆ ಬೇಕೇ ಬೇಕು. ಇಲ್ಲದಿದ್ದರೆ ಮನೆಯವರಿಗೆ ಉಳಿಯುವ ದಾರಿ ಒಂದೇ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ತೀರಿಕೊಂಡಿದ್ದಾರೆ ಅಂತ ಕಾನೂನು ಭಾವಿಸುತ್ತದೆ. ಅಲ್ಲಿಯವರೆಗೆ ವಿಮೆ, ಜಾಗದ ಪಾಲು, ಉತ್ತರಕ್ರಿಯೆ ಎಲ್ಲವೂ ನಡುವಲ್ಲಿ ನಿಂತಿರುತ್ತದೆ.

ಗುಡ್ಡೆಯಲ್ಲಿ, ತೋಟದ ಬದಿಯಲ್ಲಿ ಎಲುಬು ಕಂಡರೆ ಮುಟ್ಟಬೇಡಿ, ಹೆಕ್ಕಿ ಗೋಣಿಗೆ ತುಂಬಬೇಡಿ. 112ಕ್ಕೆ ಫೋನ್ ಮಾಡಿ. ಮಳೆ ಬರುವ ಹಾಗಿದ್ದರೆ ಅದನ್ನೂ ಹೇಳಿ.

ಮತ್ತೆ ಡಿಎನ್‌ಎ ಹೋಲಿಕೆಗೆ ಸ್ಯಾಂಪಲ್ ಯಾರು ಕೊಡಬೇಕು? ಅಪ್ಪ, ಅಮ್ಮ, ಮಕ್ಕಳು. ಹೆಂಡತಿ ಅಥವಾ ಗಂಡನದ್ದು ಮಾತ್ರ ಸಾಲುವುದಿಲ್ಲ. ಎಲುಬು ತೀರಾ ಹಾಳಾಗಿದ್ದರೆ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಇನ್ನೊಂದು ಡಿಎನ್‌ಎ ನೋಡುತ್ತಾರೆ. ಒಂದೊಂದು ಜೀವಕೋಶದಲ್ಲೂ ಅದರ ಪ್ರತಿಗಳು ಬಹಳ ಇರುವುದರಿಂದ ಅದು ಉಳಿಯುವ ಸಂಭವ ಜಾಸ್ತಿ. ಅದಕ್ಕೆ ಅಮ್ಮ, ಅಕ್ಕ, ತಂಗಿ, ಸೋದರಮಾವ, ಅಕ್ಕತಂಗಿಯರ ಮಕ್ಕಳು ಆಗುತ್ತಾರೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ತಾಯಿ ಇದ್ದರೆ ಅವರ ಸ್ಯಾಂಪಲ್ ತೆಗೆದುಕೊಳ್ಳಿ ಅಂತ ತನಿಖಾಧಿಕಾರಿಯನ್ನು ಮೊದಲು ಕೇಳಿ. ವಯಸ್ಸಾದ ತಾಯಿಯಾದರೆ ಮುಂದಿನ ತಿಂಗಳು ನೋಡೋಣ ಅಂತ ಬಿಡಬೇಡಿ.

ನಮಸ್ಕಾರ.